ಆಯುಧ ಪೂಜೆಗೆ ಮುಂಚೆ ಬಾನೆಟ್ ಒಳಗೆ ಅರ್ಧ ದಿನ

ಮಳೆಗಾಲ ಮುಗೀತಾ ಬಂತು ಅಂದ್ರೆ ನಾನು ಮಾಡೋ ಮೊದಲ ಕೆಲಸ ಕಾರಿನ ಬಾನೆಟ್ ಎತ್ತೋದು. ನಮ್ಮೂರು ತೀರ್ಥಹಳ್ಳಿ ಕಡೆ, ಜೂನ್‌ನಿಂದ ಸೆಪ್ಟೆಂಬರ್ ತನಕ ಕಾರು ಓಡೋದು ಕಮ್ಮಿ, ಕೊಟ್ಟಿಗೆ ಪಕ್ಕದ ಶೆಡ್ಡಲ್ಲಿ ನಿಂತಿರೋದೇ ಜಾಸ್ತಿ. ಹೊರಗೆ ಜಡಿ ಮಳೆ ಹಿಡಿದಾಗ ಇಲಿಗಳಿಗೆ ಬಾನೆಟ್ ಒಳಗಿಗಿಂತ ಒಳ್ಳೆ ಜಾಗ ಸಿಗಲ್ಲ, ಒಣಗಿರತ್ತೆ, ಬೆಚ್ಚಗಿರತ್ತೆ, ಹಾಸಿಗೆಗೆ ಬಾನೆಟ್ ಅಡಿಗೆ ಅಂಟಿಸಿರೋ ಉಣ್ಣೆ ಥರದ ಶೀಟ್ ಇದೆ. ಈ ಸಲ ಎತ್ತಿದಾಗ ಬ್ಯಾಟರಿ ಹಿಂದೆ ಒಂದು ಬೊಗಸೆ ತುಂಬೋಷ್ಟು ದೊಡ್ಡ ಗೂಡು. ಅಡಿಕೆ ಸಿಪ್ಪೆ, ಗೋಣಿ ನಾರು, ಹಲಸಿನ ಎಲೆ, ಆ ಶೀಟಿಂದಾನೇ ಕಿತ್ತ ಹತ್ತಿ, ಜೊತೆಗೆ ಎಲ್ಲಾ ಕಡೆ ಹಿಕ್ಕೆ.

ನಮ್ಮದು 2013ರ ಪೆಟ್ರೋಲ್ ಸ್ವಿಫ್ಟ್. ಅಪ್ಪ ತಗೊಂಡಿದ್ದು, ಈಗ ನಾನು ಓಡಿಸ್ತಿದೀನಿ. ಇದರ ಇಂಜಿನ್ ಜಾಗಾನ ಮನೇಲೇ ಕೈಯಲ್ಲೇ ಕ್ಲೀನ್ ಮಾಡೋದನ್ನ ಕಲಿತು ಆರು ವರ್ಷ ಆಯ್ತು. ಮೊದಲು ಹೀಗಿರ್ಲಿಲ್ಲ, ಎಲ್ಲರ ಥರ ವಾಟರ್ ಸರ್ವೀಸಿಗೆ ಬಿಡ್ತಿದ್ದೆ. ಬದಲಾಗಿದ್ದು 2019ರಲ್ಲಿ.

ಆ ವರ್ಷ ಆಯುಧ ಪೂಜೆ ಹಿಂದಿನ ದಿನ ಒಂದು ವಾಟರ್ ಸರ್ವೀಸ್ ಅಂಗಡೀಲಿ ಕಾರು ಬಿಟ್ಟೆ, ಉದ್ದಕ್ಕೆ ಕ್ಯೂ ಇತ್ತು, ಹುಡುಗ ಪಾಪ ಬೆಳಗ್ಗೆಯಿಂದ ನಿಂತೇ ಇದ್ದ. ಬಾನೆಟ್ ಎತ್ತಿದ, ಒಳಗೆಲ್ಲಾ ಸೀಮೆಎಣ್ಣೆ ಸ್ಪ್ರೇ ಮಾಡಿದ, ಆಮೇಲೆ ಬಾಡಿ ತೊಳೆಯೋ ಅದೇ ಜೆಟ್ಟಲ್ಲಿ ಇಂಜಿನ್ ಮೇಲೂ ಹೊಡೆದ. ಎರಡೇ ನಿಮಿಷ, ಪಳಪಳ ಹೊಳೀತಿತ್ತು, ನಾನೂ ಖುಷಿಯಾಗಿ ದುಡ್ಡು ಕೊಟ್ಟು ಬಂದೆ. ಪೂಜೆ ಆಯ್ತು, ಎರಡು ದಿನ ಬಿಟ್ಟು ಅಮ್ಮನ್ನ ಕರ್ಕೊಂಡು ಉಡುಪಿಗೆ ಹೋಗಿ ವಾಪಸ್ ಬರೋವಾಗ, ಸೋಮೇಶ್ವರ ದಾಟಿ ಆಗುಂಬೆ ಘಾಟಿ ಹತ್ತೋಕೆ ಶುರು ಮಾಡಿದ್ದೇ ತಡ ಗಾಡಿ ಮಿಸ್ಸಿಂಗ್ ಹೊಡಿಯೋಕೆ ಶುರು ಆಯ್ತು. ಸೆಕೆಂಡ್ ಗೇರಲ್ಲೂ ಎಳೀತಿಲ್ಲ, ಸ್ಟೇರಿಂಗ್ ತನಕ ನಡುಕ, ಮೀಟರಲ್ಲಿ ಇಂಜಿನ್ ಲೈಟ್ ಮಿಟುಕ್ತಿದೆ. ಆ 14 ತಿರುವಲ್ಲಿ ಹಿಂದೆ ಬಸ್ಸು ಲಾರಿ ಇಟ್ಕೊಂಡು ನಾಲ್ಕರಲ್ಲಿ ಮೂರೇ ಸಿಲಿಂಡರಲ್ಲಿ ಗಾಡಿ ಹತ್ತಿಸೋದು ಅಂದ್ರೆ ಏನು ಅಂತ ಹತ್ತಿಸಿದವರಿಗೇ ಗೊತ್ತು. ಅಮ್ಮ ಒಂದು ಮಾತೂ ಆಡ್ಲಿಲ್ಲ, ಬಾಗಿಲ ಮೇಲಿನ ಹಿಡಿಕೆ ಹಿಡ್ಕೊಂಡೇ ಇದ್ರು.

ಆಮೇಲೆ ನಮ್ಮ ಮೆಕ್ಯಾನಿಕ್ ಸ್ಕ್ಯಾನರ್ ಹಾಕಿದಾಗ ಬಂದ ಕೋಡು ಪಿ 0302, ಅಂದ್ರೆ ಎರಡನೇ ಸಿಲಿಂಡರಲ್ಲಿ ಮಿಸ್‌ಫೈರ್, ಪೆಟ್ರೋಲು ಸರಿಯಾಗಿ ಉರೀತಿಲ್ಲ ಅಂತ. ಈ ಇಂಜಿನಲ್ಲಿ ಪ್ರತಿ ಸ್ಪಾರ್ಕ್ ಪ್ಲಗ್ ಮೇಲೂ ಅದಕ್ಕೆ ಕಿಡಿ ಹಾರಿಸೋ ಕರೆಂಟ್ ಕೊಡೋ ಒಂದೊಂದು ಕಾಯಿಲ್ ಕೂತಿರತ್ತೆ, ಪ್ಲಗ್ಗು ಒಂದು ಆಳವಾದ ಗುಂಡಿ ಒಳಗಿರತ್ತೆ. ಅವರು ಎರಡನೇ ಕಾಯಿಲ್ ಎಳೆದು ತೆಗೆದಾಗ ಅದರ ತುದೀಲಿ ಕಂದು ಬಣ್ಣದ ನೀರು ತೊಟ್ಟಿಕ್ತಿತ್ತು. ಜೆಟ್ ನೀರು ಕಾಯಿಲ್ ಸುತ್ತ ಇರೋ ರಬ್ಬರನ್ನ ದಾಟಿ ಗುಂಡಿಗೆ ಇಳಿದಿದೆ, ಅಲ್ಲಿಂದ ಅದು ಹೊರಗೆ ಬರೋ ದಾರಿನೇ ಇಲ್ಲ, ಹಾಗಾಗಿ ಸ್ಪಾರ್ಕು ಪ್ಲಗ್ ತುದಿಗೆ ಹೋಗೋ ಬದಲು ನೀರಿನ ದಾರಿ ಹಿಡಿದು ಪಕ್ಕದ ಲೋಹಕ್ಕೆ ಹಾರ್ತಿತ್ತು. ಲೋಡ್ ಇಲ್ಲದಾಗ ಗೊತ್ತಾಗಲ್ಲ, ಘಾಟಿ ಹತ್ತೋವಾಗ ಕೈ ಕೊಡತ್ತೆ. ಕಾಯಿಲ್ ಹೋಗಿತ್ತು, ಪ್ಲಗ್ ತುಕ್ಕು ಹಿಡಿದಿತ್ತು. ಇನ್ನೊಂದು ಮಾತು ಅವರೇ ಹೇಳಿದ್ದು, ಇಂಜಿನ್ ಲೈಟ್ ಸುಮ್ಮನೆ ಉರಿದ್ರೆ ನಿಧಾನಕ್ಕೆ ಮನೆಗೆ ಹೋಗಬಹುದು, ಮಿಟುಕ್ತಿದ್ರೆ ನಿಲ್ಲಿಸಬೇಕು, ಯಾಕಂದ್ರೆ ಉರೀದೇ ಉಳಿದ ಪೆಟ್ರೋಲು ಸೈಲೆನ್ಸರ್ ದಾರೀಲಿ ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯತ್ತೆ, ಅದು ಕರಗಿ ಹೋದ್ರೆ ಕಾಯಿಲ್ ಖರ್ಚು ಏನೂ ಅಲ್ಲ. ದಯವಿಟ್ಟು ಇದೊಂದನ್ನ ನೆನಪಿಟ್ಕೊಳ್ಳಿ.

ಆ ಹುಡುಗನ ಮೇಲೆ ನಂಗೆ ಸಿಟ್ಟಿಲ್ಲ, ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ಆದ್ರೆ ಪ್ರತಿ ವರ್ಷ ನವರಾತ್ರಿ ಹೊತ್ತಿಗೆ ಮನೆ ಮನೆ ಮುಂದೆ ಪೈಪ್ ಹಿಡಿದು ಬಾನೆಟ್ ಒಳಗೆ ನೀರು ಬಿಡೋದನ್ನ ನೋಡಿದಾಗ ನಂಗೆ ಎದೆ ಧಸಕ್ ಅನ್ನತ್ತೆ. ಅದಕ್ಕೇ ಈ ವರ್ಷ ನಾನು ಮಾಡಿದ್ದನ್ನ ಮಾಡಿದ ಹಾಗೇ ಬರೀತಿದೀನಿ.

ಬೆಳಗ್ಗೆ 7ಕ್ಕೇ ಶುರು ಮಾಡಿದೆ, ಬಿಸಿಲು ಬರೋ ಮುಂಚೆ, ನೆರಳಲ್ಲಿ. ಇಂಜಿನ್ ಬಿಸಿ ಇರಬಾರದು. ಓಡಿಸಿಕೊಂಡು ಬಂದ ತಕ್ಷಣ ತಣ್ಣೀರು ಬಿದ್ರೆ ಎಕ್ಸಾಸ್ಟ್ ಮ್ಯಾನಿಫೋಲ್ಡ್, ಅಂದ್ರೆ ಇಂಜಿನಿಂದ ಹೊಗೆ ಹೊರಗೆ ಹೋಗೋ ಪೈಪು, ಬಿರುಕು ಬಿಡಬಹುದು, ಕೆಮಿಕಲ್ಲೂ ಬಿಸಿಗೆ ಅಲ್ಲೇ ಒಣಗಿ ಕಲೆ ಆಗತ್ತೆ. ಪೂರ್ತಿ ತಣ್ಣಗಿದ್ರೆ ಜಿಡ್ಡು ಬಿಡಲ್ಲ. ಹಾಗಾಗಿ ಐದು ನಿಮಿಷ ಸ್ಟಾರ್ಟ್ ಮಾಡಿಟ್ಟು ಆಫ್ ಮಾಡಿ, ಕೈ ಇಟ್ರೆ ಹಿತವಾಗಿ ಬೆಚ್ಚಗೆ ಅನ್ನಿಸೋ ತನಕ ಕಾಯೋದು. ಆದ್ರೆ ಈ ಸಲ ಗೂಡು ಇತ್ತಲ್ಲ, ಗೂಡು ಇಟ್ಕೊಂಡು ಸ್ಟಾರ್ಟ್ ಮಾಡೋ ಹಾಗೇ ಇಲ್ಲ, ಒಣ ಎಲೆ ಹತ್ತಿ ಎಲ್ಲಾ ಎಕ್ಸಾಸ್ಟ್ ಮೇಲೆ ಬಿದ್ರೆ ಬೆಂಕಿನೇ. ಅದನ್ನ ಮೊದಲು ತೆಗೆದೆ.

ಗೂಡು ತೆಗೆಯೋದಕ್ಕೆ ದಪ್ಪ ರಬ್ಬರ್ ಗ್ಲೌಸ್, ಮಾಸ್ಕ್ ಎರಡೂ ಬೇಕು, ಇದರಲ್ಲಿ ಮಾತ್ರ ಅಸಡ್ಡೆ ಬೇಡ. ನಮ್ಮ ಕಡೆ ಇಲಿ ಜ್ವರ ಹೊಸದಲ್ಲ, ಇಲಿ ಉಚ್ಚೆಯಿಂದ ಬರೋದು ಅದು, ಕೈಯಲ್ಲಿ ಒಂದು ಸಣ್ಣ ಗಾಯ ಇದ್ರೂ ಸಾಕು. ಒಣಗಿದ ಹಿಕ್ಕೆನ ಬ್ಲೋಯರಲ್ಲಿ ಊದೋದಾಗಲಿ ಪೊರಕೆಯಲ್ಲಿ ಗುಡಿಸೋದಾಗಲಿ ಮಾಡಬಾರದು, ಧೂಳು ಮೂಗಿಗೆ ಹೋಗತ್ತೆ. ಡಿಸಿನ್ಫೆಕ್ಟೆಂಟ್ ಹಾಕಿದ ನೀರನ್ನ ಸಣ್ಣಗೆ ಸ್ಪ್ರೇ ಮಾಡಿ, ಐದು ನಿಮಿಷ ನೆನೆಯೋಕೆ ಬಿಟ್ಟು, ಪೇಪರಲ್ಲಿ ಎತ್ತಿ ಕವರಿಗೆ ಹಾಕಿ ಗಂಟು ಕಟ್ಟಿದೆ.

ಗೂಡಿನ ಅಡೀಲಿ ಇಲಿ ಮಾಡಿದ ಎರಡು ಹಾನಿ ಕಂಡ್ವು. ಗಾಜಿಗೆ ನೀರು ಹೊಡಿಯೋ ವಾಶರ್ ಪೈಪ್ ಕಚ್ಚಿ ತೂತು ಮಾಡಿದೆ. ಅದರ ಪಕ್ಕ ಒಂದು ವೈರಿನ ಮೇಲಿನ ಪ್ಲಾಸ್ಟಿಕ್ ಸಿಪ್ಪೆ ಪೂರ್ತಿ ಕಿತ್ತು ಅರ್ಧ ಇಂಚು ತಾಮ್ರ ಬೆತ್ತಲೆ ಕಾಣಿಸ್ತಿದೆ. ಗೂಡು ಇದ್ದ ಹಾಗೇ ನೀರು ಹೊಡೆದಿದ್ರೆ? ಯಾವ ಅಂಗಡಿಯವನಿಗೂ ಇದು ಕಾಣಿಸ್ತಿರಲಿಲ್ಲ, ನೀರು ಹೊಡೆದು ಕಳಿಸ್ತಿದ್ರು, ಒಂದು ವಾರ ಬಿಟ್ಟು ಎಲ್ಲೋ ಘಾಟಿಯಲ್ಲಿ ನಿಲ್ತಿತ್ತು. ಕ್ಲೀನ್ ಮಾಡೋದು ಅಂದ್ರೆ ನನ್ನ ಮಟ್ಟಿಗೆ ಇದೇ, ಹೊಳಪು ಅಲ್ಲ, ಒಂದೊಂದು ಪೈಪು ವೈರು ಎಲ್ಲಾ ಕಣ್ಣಾರೆ ನೋಡಿ ಕೈಯಲ್ಲಿ ಮುಟ್ಟೋದು. ಮಣ್ಣು ಜಿಡ್ಡು ಮುಚ್ಕೊಂಡಿರೋ ಇಂಜಿನಲ್ಲಿ ಯಾವುದು ಹಳೇ ಎಣ್ಣೆ ಯಾವುದು ಹೊಸ ಲೀಕು ಅಂತ ಯಾವ ಮೆಕ್ಯಾನಿಕ್ಕಿಗೂ ಹೇಳೋಕಾಗಲ್ಲ.

ಆಮೇಲೆ ಬ್ಯಾಟರಿ. 10 ನಂಬರ್ ಸ್ಪಾನರಲ್ಲಿ ಮೊದಲು ನೆಗೆಟಿವ್ ಬಿಚ್ಚಬೇಕು, ವಾಪಸ್ ಹಾಕೋವಾಗ ನೆಗೆಟಿವ್ ಕೊನೇಲಿ. ಉಲ್ಟಾ ಮಾಡಿದ್ರೆ, ಪಾಸಿಟಿವ್ ಬಿಚ್ಚೋವಾಗ ಸ್ಪಾನರ್ ಬಾಡಿಗೆ ತಾಗಿದ್ರೆ ಅಲ್ಲೇ ಕಿಡಿ ಹಾರತ್ತೆ. ಟರ್ಮಿನಲ್ ಮೇಲೆ ಬಿಳಿ-ಹಸಿರು ಪುಡಿ ಕಟ್ಟಿತ್ತು, ಮಳೆಗಾಲ ಕಳೆದ ಮೇಲೆ ಇದು ಇದ್ದೇ ಇರತ್ತೆ, ಆಸಿಡ್ ಆವಿ ಲೋಹಕ್ಕೆ ತಾಗಿ ಆಗೋದು. ಒಂದು ಲೋಟ ಉಗುರು ಬೆಚ್ಚಗಿನ ನೀರಿಗೆ ಒಂದು ಚಮಚ ಅಡುಗೆ ಸೋಡಾ ಕಲಸಿ ಹಳೇ ಟೂತ್ ಬ್ರಷ್ಷಲ್ಲಿ ಹಚ್ಚಿದ್ರೆ ಬುಸ್ ಅಂತ ನೊರೆ ಬಂದು ಬಿಟ್ಟುಕೊಳ್ಳತ್ತೆ. ಸೋಡಾ ನೀರು ಬ್ಯಾಟರಿ ಒಳಗೆ ಮಾತ್ರ ಹೋಗಬಾರದು. ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಕೊನೇಲಿ ಟೈಟ್ ಮಾಡಿದ ಮೇಲೆ ಮೇಲಿಂದ ತೆಳ್ಳಗೆ ವ್ಯಾಸಲೀನ್. ಇಷ್ಟಕ್ಕೇ ಚಳಿಗಾಲದ ಬೆಳಗ್ಗೆ ಸೆಲ್ಫ್ ಹೊಡಿಯೋದು ಎಷ್ಟು ಚುರುಕಾಗತ್ತೆ ನೋಡಿ.

ಈಗ ಮುಚ್ಚೋ ಕೆಲಸ. ಇದಕ್ಕೆ ನಂದಿನಿ ಹಾಲಿನ ಕವರಿಗಿಂತ ಒಳ್ಳೇದು ನಂಗೆ ಸಿಕ್ಕಿಲ್ಲ, ತೊಳೆದು ಒಣಗಿಸಿ ಇಟ್ಟಿರ್ತೀವಿ, ದಪ್ಪ ಇರತ್ತೆ, ರಬ್ಬರ್ ಬ್ಯಾಂಡ್ ಹಾಕಿದ್ರೆ ಕೂರತ್ತೆ. ಆಲ್ಟರ್ನೇಟರ್ (ಬ್ಯಾಟರಿ ಚಾರ್ಜ್ ಮಾಡೋದು), ಫ್ಯೂಸ್ ಬಾಕ್ಸ್, ಇಸಿಯು (ಇಂಜಿನಿನ ಕಂಪ್ಯೂಟರ್) ಮತ್ತೆ ಅದರ ದೊಡ್ಡ ಕನೆಕ್ಟರ್, ಏರ್ ಫಿಲ್ಟರಿಗೆ ಗಾಳಿ ಹೋಗೋ ಬಾಯಿ, ಬಿಚ್ಚಿದ ಬ್ಯಾಟರಿ ಟರ್ಮಿನಲ್ಲು, ಬ್ರೇಕ್ ಆಯಿಲ್ ಡಬ್ಬಿ ಮುಚ್ಚಳ, ನಾಲ್ಕೂ ಕಾಯಿಲ್ ಸೇರಿಸಿ ಒಂದು ದೊಡ್ಡ ಕವರ್. ಬ್ರೇಕ್ ಆಯಿಲ್ ನೀರನ್ನ ಹೀರಿಕೊಳ್ಳೋ ಜಾತಿದು, ಅದಕ್ಕೆ ನೀರು ಸೇರಿದ್ರೆ ಬ್ರೇಕ್ ಕಾದಾಗ ಆ ನೀರು ಕುದ್ದು ಪೆಡಲ್ ಮೆತ್ತಗಾಗತ್ತೆ, ಘಾಟಿ ಇಳಿಯೋರಿಗೆ ಇದು ಸಣ್ಣ ವಿಷಯ ಅಲ್ಲ. ಆಯಿಲ್ ಹಾಕೋ ಮುಚ್ಚಳ, ಡಿಪ್ ಸ್ಟಿಕ್ ಎರಡೂ ಗಟ್ಟಿ ಕೂತಿದೆಯಾ ಅಂತ ನೋಡ್ಕೊಂಡೆ. ಎಷ್ಟು ಕವರ್ ಹಾಕಿದೀನಿ ಅಂತ ಶೆಡ್ಡಿನ ಗೋಡೆ ಮೇಲೆ ಚಾಕ್ ಪೀಸಲ್ಲಿ ಬರೀತೀನಿ, ಈ ಸಲ 7. ಒಂದು ಒಳಗೇ ಉಳಿದು ಎಕ್ಸಾಸ್ಟ್ ಮೇಲೆ ಕರಗಿದ್ರೆ ಅಥವಾ ಬೆಲ್ಟಿಗೆ ಸಿಕ್ಕಿದ್ರೆ ಮಾಡಿದ ಕೆಲಸ ಎಲ್ಲಾ ವ್ಯರ್ಥ.

ನೀರಿಗೂ ಮುಂಚೆ ಒಣ ಕೆಲಸ, ಅರ್ಧ ಕೊಳೆ ಇದರಲ್ಲೇ ಹೋಗತ್ತೆ. 2 ಇಂಚಿನ ಪೇಂಟ್ ಬ್ರಷ್ಷು, ಅದರ ತಗಡಿನ ಪಟ್ಟಿ ಗೀರಬಾರದು ಅಂತ ಸುತ್ತ ಟೇಪ್ ಸುತ್ತಿದೀನಿ, ಅದರಲ್ಲಿ ಕೆಮ್ಮಣ್ಣಿನ ಧೂಳೆಲ್ಲಾ ಸಡಿಲ ಮಾಡಿ ವ್ಯಾಕ್ಯೂಮ್ ಹಿಡಿಯೋದು. ತೆಂಗಿನ ನಾರು, ಸ್ಕ್ರಬ್ಬರ್ ಬೇಡ, ಪ್ಲಾಸ್ಟಿಕ್ ಮೇಲೆ ಗೀರು ಬಿದ್ರೆ ಹೋಗಲ್ಲ. ಬಾನೆಟ್ ಅಡಿಯ ಶೀಟಿಗೆ ವ್ಯಾಕ್ಯೂಮ್ ಮಾತ್ರ, ಒದ್ದೆ ಆದ್ರೆ ಜೋತು ಬೀಳತ್ತೆ.

ಇದರ ಜೊತೆ ಎಲ್ಲರೂ ಮರೆಯೋ ಒಂದು ಜಾಗ ಇದೆ, ವೈಪರ್ ಕೆಳಗಿನ ಕಪ್ಪು ಜಾಲರಿ. ಅದರ ಒಳಗೆ ಎಲೆ ಬಿದ್ದು ಕೊಳೆತು ಗೊಬ್ಬರ ಆಗಿರತ್ತೆ. ಗಾಜಿನಿಂದ ಇಳಿಯೋ ಮಳೆ ನೀರು ಆ ಜಾಲರಿ ಒಳಗಿಂದ ಎರಡೂ ತುದಿಯ ತೂತಲ್ಲಿ ಕೆಳಗೆ ಹೋಗಬೇಕು, ತೂತು ಕಟ್ಟಿಕೊಂಡ್ರೆ ನೀರು ಎಸಿಗೆ ಗಾಳಿ ಹೋಗೋ ದಾರೀಲಿ ಕಾರಿನ ಒಳಗೇ ಬರತ್ತೆ. ನಾಲ್ಕು ವರ್ಷದ ಹಿಂದೆ ಎಡಗಡೆ ಮುಂದಿನ ಸೀಟಿನ ಕಾಲಡಿ ಕಾರ್ಪೆಟ್ ಪ್ರತಿ ಮಳೆಗೂ ಒದ್ದೆ ಆಗ್ತಿತ್ತು, ಬಾಗಿಲ ರಬ್ಬರ್ ಬದಲಾಯಿಸಿದ್ವಿ, ಗಾಜಿಗೆ ಸೀಲೆಂಟ್ ಹಾಕಿಸಿದ್ವಿ, ಏನೂ ಆಗ್ಲಿಲ್ಲ, ಕೊನೆಗೆ ನೋಡಿದ್ರೆ ಒಂದು ಮುಷ್ಟಿ ಮಾವಿನ ಎಲೆ. ಮರದ ಕೆಳಗೆ ಗಾಡಿ ನಿಲ್ಲಿಸೋರು ತಿಂಗಳಿಗೊಂದ್ಸಲ ಆದ್ರೂ ಕೈ ಹಾಕಿ ನೋಡಿ.

ಇನ್ನು ಡೀಗ್ರೀಸರ್, ಅಂದ್ರೆ ಜಿಡ್ಡು ತೆಗೆಯೋ ಕೆಮಿಕಲ್. ಸೀಮೆಎಣ್ಣೆ, ಡೀಸೆಲ್, ಪೆಟ್ರೋಲ್ ಯಾವುದೂ ಬೇಡ, ಬೆಂಕಿ ಭಯ ಒಂದು ಕಡೆ, ಇನ್ನೊಂದು ಕಡೆ ಕೂಲೆಂಟ್ ಪೈಪಿನ ರಬ್ಬರು ಸಾಮಾನ್ಯವಾಗಿ ಇಪಿಡಿಎಂ ಅನ್ನೋ ಜಾತಿದು, ಅದಕ್ಕೆ ಈ ಎಣ್ಣೆಗಳು ಆಗಲ್ಲ, ಉಬ್ಬಿ ಮೆತ್ತಗಾಗತ್ತೆ. ಹೊಳಪು ಬಂತು ಅಂತ ನಾವು ಖುಷಿ ಪಡೋವಾಗ ಪೈಪಿನ ಆಯಸ್ಸು ಕಮ್ಮಿ ಆಗ್ತಿರತ್ತೆ. ನಾನು ಬಳಸೋದು ನೀರಲ್ಲಿ ಕರಗೋ ಆಲ್ ಪರ್ಪಸ್ ಕ್ಲೀನರ್, ಪ್ಲಾಸ್ಟಿಕ್ಕಿಗೆ 1 ಪಾಲಿಗೆ 10 ಪಾಲು ನೀರು, ಎಣ್ಣೆ ಜಿಡ್ಡು ಗಟ್ಟಿ ಇರೋ ಕಡೆ 1ಕ್ಕೆ 4. ಒಂದೊಂದೇ ಮೂಲೆ ಹಿಡಿದು, ಸ್ಪ್ರೇ ಮಾಡಿ, ಮೂರು ನಾಲ್ಕು ನಿಮಿಷ ಬಿಟ್ಟು, ಬ್ರಷ್ಷಲ್ಲಿ ಉಜ್ಜಿ, ಒಣಗೋ ಮುಂಚೆ ತೊಳೆಯೋದು. ಕ್ಷಾರ ಜಾಸ್ತಿ ಇರೋ ಸ್ಟ್ರಾಂಗ್ ಕೆಮಿಕಲ್ ಅಲ್ಯೂಮಿನಿಯಂ ಮೇಲೆ ಒಣಗಿದ್ರೆ ಬಿಳಿ ಮಚ್ಚೆ ಬೀಳತ್ತೆ, ಅದು ಕೊಳೆ ಅಲ್ಲ, ಲೋಹವೇ ಸುಟ್ಟಿರೋದು.

ತೊಳೆಯೋಕೆ ಗಿಡಕ್ಕೆ ಔಷಧಿ ಹೊಡಿಯೋ 2 ಲೀಟರಿನ ಕೈ ಪಂಪು, ಹೊಸದಾಗಿ ಇದಕ್ಕೆ ಅಂತಾನೇ ತಂದಿದ್ದು, ಔಷಧಿ ಹೊಡೆದ ಪಂಪ್ ಬಳಸಬೇಡಿ. ಮಂಜಿನ ಥರ ನೀರು ಬರತ್ತೆ, ಕನೆಕ್ಟರ್ ಒಳಗೆ ನುಗ್ಗೋ ಶಕ್ತಿ ಇರಲ್ಲ. ಮನೆಗೆ ತರೋ ಸಣ್ಣ ಪ್ರೆಶರ್ ವಾಶರ್ ಕೂಡ 100 ಬಾರ್ (ಒತ್ತಡದ ಅಳತೆ) ಹತ್ತಿರ ಒತ್ತಡ ಕೊಡತ್ತೆ, ಕನೆಕ್ಟರಿನ ಸಣ್ಣ ರಬ್ಬರ್ ಸೀಲು ಮಳೆಗೆ ತಡೀಬಹುದು, ಅದಕ್ಕೆ ತಡಿಯಲ್ಲ. ಫ್ಯೂಸ್ ಬಾಕ್ಸ್ ಸುತ್ತ ಮುತ್ತ ಪಂಪೂ ಇಲ್ಲ, ಒದ್ದೆ ಬಟ್ಟೆ ಅಷ್ಟೇ. ರೇಡಿಯೇಟರ್ ರೆಕ್ಕೆಗಳನ್ನ ಹೆಬ್ಬೆರಳಲ್ಲಿ ಒತ್ತಿದ್ರೆ ಬಗ್ಗೋಗತ್ತೆ, ಅಷ್ಟು ತೆಳು, ಅಲ್ಲಿ ಮೆತ್ತನೆ ಬ್ರಷ್ಷಲ್ಲಿ ಮೇಲಿಂದ ಕೆಳಗೆ ಮಾತ್ರ. ಬೋರ್ ನೀರು ಒಣಗಿದ್ರೆ ಬಿಳಿ ಕಲೆ ಬಿಡತ್ತೆ, ನಮ್ಮಲ್ಲಿ ಬಾವಿ ನೀರಿದೆ ಹಾಗಾಗಿ ತೊಂದರೆ ಇಲ್ಲ, ಬಯಲುಸೀಮೆ ಕಡೆಯವರು ಆರ್‌ಓ ಮಷಿನ್ ಫಿಲ್ಟರ್ ಮಾಡಿದ ನೀರು ಬಳಸಿದ್ರೆ ಒಳ್ಳೇದು. ಒಟ್ಟು ಮೂರು ಪಂಪ್ ತುಂಬಿಸಿದೆ, 6 ಲೀಟರ್, ಅಷ್ಟರಲ್ಲಿ ಮುಗೀತು.

ಕೆಳಗೆ ಬಿದ್ದ ಎಣ್ಣೆ ನೀರು ತೋಟಕ್ಕೋ ಬಾವಿ ಕಡೆಗೋ ಹೋಗಬಾರದು ಅಂತ ಕಾರಿನ ಅಡಿ ಟಾರ್ಪಾಲ್ ಹಾಸಿ ಮೇಲೆ ಗೋಣಿ, ಗೋಣಿ ಮೇಲೆ ಮರದ ಹೊಟ್ಟು ಹರಡಿದ್ದೆ. ಕಪ್ಪಗೆ ನೆಂದ ಹೊಟ್ಟನ್ನ ಚೀಲಕ್ಕೆ ತುಂಬಿ ಗ್ಯಾರೇಜಿನವರ ಹಳೇ ಆಯಿಲ್ ಡ್ರಮ್ ಹತ್ತಿರ ಕೊಟ್ಟು ಬಂದೆ. ಕುಡಿಯೋ ನೀರಿನ ಬಾವಿ ಅಂಗಳದಲ್ಲೇ ಇರೋವಾಗ ಇದು ಮಾಡಲೇಬೇಕು.

ಒಣಗಿಸೋದಕ್ಕೆ ತೊಳೆಯೋದಕ್ಕಿಂತ ಜಾಸ್ತಿ ಹೊತ್ತು ಬೇಕು. ಹಳೇ ಪಂಚೆ ಬಟ್ಟೆಯಲ್ಲಿ ಒರೆಸಿ, ಬ್ಲೋಯರಲ್ಲಿ ಮೂಲೆ ಮೂಲೆ ಊದಿ, ಮುಖ್ಯವಾಗಿ ಕಾಯಿಲ್ ಸುತ್ತ. ಆಮೇಲೆ ಕವರ್ ತೆಗೆದು ಎಣಿಸಿದೆ, 7. ಕಚ್ಚಿದ ವೈರಿಗೆ ಮೆಕ್ಯಾನಿಕ್ ಮನೆಗೇ ಬಂದು ಬೆಸುಗೆ ಹಾಕಿ, ಬಿಸಿ ಮಾಡಿದ್ರೆ ಕುಗ್ಗಿ ವೈರಿಗೆ ಬಿಗಿಯಾಗಿ ಕೂರೋ ಹೀಟ್ ಶ್ರಿಂಕ್ ಟ್ಯೂಬ್ ಹಾಕಿಕೊಟ್ರು, ಬರೀ ಟೇಪ್ ಸುತ್ತಿದ್ರೆ ಇಂಜಿನ್ ಬಿಸಿಗೆ ಅಂಟು ಕರಗಿ ಬಿಚ್ಚೋಗತ್ತೆ. ವಾಶರ್ ಪೈಪ್ ಹೊಸದು. ಬ್ಯಾಟರಿ ಹಾಕಿ, ಬಾನೆಟ್ ಎತ್ತಿಟ್ಟೇ 15 ನಿಮಿಷ ಐಡಲಲ್ಲಿ ಬಿಟ್ಟೆ. ಸ್ವಲ್ಪ ಹಬೆ ಬರತ್ತೆ, ಗಾಬರಿ ಬೇಡ, ಅಲ್ಲಿ ಇಲ್ಲಿ ಉಳಿದ ನೀರು ಆರೋದು ಅದು. ಶಬ್ದ ಒಂದೇ ಸಮ ಇತ್ತು. 2019 ಆದ ಮೇಲೆ ಆ ಶಬ್ದಾನ ನಾನು ಕಿವಿ ಕೊಟ್ಟು ಕೇಳ್ತೀನಿ, ಒಂದು ನಿಮಿಷ ಆದ್ರೂ ಸುಮ್ಮನೆ ನಿಂತು.

ಹೊಳಪಿಗೆ ಡ್ರೆಸ್ಸಿಂಗ್ ಹಾಕಬೇಕಾ ಅಂದ್ರೆ ಹಾಕಿ, ಆದ್ರೆ ನೀರಿನ ಬೇಸ್ ಇರೋದು, ಅದೂ ಬಟ್ಟೆಗೆ ಹಾಕಿ ಒರೆಸೋದು. ಎಣ್ಣೆ ಎಣ್ಣೆ ಇರೋ ಸ್ಪ್ರೇ ಹೊಡೆದ್ರೆ ಒಂದೇ ವಾರದಲ್ಲಿ ನಮ್ಮ ಕೆಮ್ಮಣ್ಣೆಲ್ಲಾ ಅದಕ್ಕೇ ಅಂಟಿರತ್ತೆ. ಬೆಲ್ಟಿಗೆ ಮಾತ್ರ ಒಂದು ಹನಿನೂ ತಾಗಬಾರದು, ಜಾರಿದ್ರೆ ಕೀರಲು ಶಬ್ದ ಬರತ್ತೆ, ಆಲ್ಟರ್ನೇಟರ್ ಸರಿಯಾಗಿ ತಿರುಗದೆ ಚಾರ್ಜಿಂಗೂ ಕಮ್ಮಿ ಆಗತ್ತೆ. ಹೈಬ್ರಿಡ್ ಅಥವಾ ಎಲೆಕ್ಟ್ರಿಕ್ ಗಾಡಿ ಇರೋರು ಕಿತ್ತಳೆ ಬಣ್ಣದ ದಪ್ಪ ಕೇಬಲ್ ಹತ್ತಿರಕ್ಕೂ ಹೋಗಬೇಡಿ, ಅದು ಹೈ ವೋಲ್ಟೇಜು.

ಪೂಜೆ ದಿನ ಅಪ್ಪ ಎಂದಿನಂಗೆ ಬಾನೆಟ್ ಎತ್ತಿಸಿ, ಒಳಗೂ ಒಂದು ಹೂವು ಇಟ್ಟು, ಅರಿಶಿನ ಕುಂಕುಮ ಹಚ್ಚಿದ್ರು. ಅವರಿಗೆ ಜಾಗ ತೋರಿಸಿದ್ದೆ, ಬಾನೆಟ್ ಬೀಗದ ಹತ್ತಿರದ ಪಟ್ಟಿ ಮೇಲೆ, ಹೂವು ಬೆಲ್ಟಿಗೆ ಬೀಳದ ಹಾಗೆ. ನಿಂಬೆ ಹಣ್ಣು ಚಕ್ರಕ್ಕೆ ಕೊಟ್ಟು ಊರ ದೇವಸ್ಥಾನದ ತನಕ ಹೋಗಿ ಬಂದ್ವಿ.

ಅದಾಗಿ ಮೂರನೇ ದಿನ ಟಾರ್ಚ್ ಹಿಡಿದು ಮತ್ತೆ ನೋಡಿದೆ. ಕ್ಲೀನ್ ಆಗಿದ್ದ ಲೋಹದ ಮೇಲೆ ಟ್ಯಾಪೆಟ್ ಕವರ್ (ಇಂಜಿನ್ ತಲೆ ಮೇಲಿನ ಮುಚ್ಚಳ) ಅಂಚಿಂದ ಕೂದಲೆಳೆಯಷ್ಟು ತೆಳ್ಳಗೆ ಎಣ್ಣೆ ಇಳಿದಿತ್ತು. ಇಷ್ಟು ವರ್ಷದ ರಬ್ಬರ್ ಪ್ಯಾಕಿಂಗ್, ಬಿಸಿಗೆ ಗಟ್ಟಿ ಆಗಿದೆ. ಮೊದಲಾಗಿದ್ರೆ ಹಳೇ ಕೊಳೆ ಅಂತ ಬಿಟ್ಟಿರ್ತಿದ್ದೆ. ಎಣ್ಣೆ ಹಾಗೇ ಇಳೀತಾ ಎಕ್ಸಾಸ್ಟ್ ಮೇಲೆ ಬಿದ್ರೆ ಸುಟ್ಟ ವಾಸನೆ, ಪ್ಲಗ್ ಗುಂಡಿಗೆ ಇಳಿದ್ರೆ ಮತ್ತೆ ಮಿಸ್ಸಿಂಗು. ಟಿಶ್ಯೂ ಪೇಪರಲ್ಲಿ ಒರೆಸಿ ಒಂದು ದಿನ ಬಿಟ್ಟು ನೋಡಿದೆ, ಮತ್ತೆ ಅದೇ ಜಾಗ. ಶನಿವಾರ ಪ್ಯಾಕಿಂಗ್ ಬದಲಾಯಿಸೋಕೆ ಮೆಕ್ಯಾನಿಕ್ಕಿಗೆ ಹೇಳಿದೀನಿ, ಜೊತೆಗೆ ಪ್ಲಗ್ ಗುಂಡಿಯ ಸೀಲ್‌ಗಳನ್ನೂ ತರೋಕೆ ಹೇಳಿದೀನಿ.

ಇವತ್ತು ಬೆಳಗ್ಗೆ ನೋಡಿದ್ರೆ ಬ್ಯಾಟರಿ ಟ್ರೇ ಮೇಲೆ ಎರಡು ಹೊಸ ಹಿಕ್ಕೆ. ಹೊಗೆಸೊಪ್ಪು ಕಟ್ಟು, ನುಸಿಗುಳಿಗೆ ಇಡು ಅಂತ ಎಲ್ಲರೂ ಹೇಳ್ತಾರೆ, ಹಿಂದಿನ ವರ್ಷ ಎರಡೂ ಇಟ್ಟಿದ್ದೆ, ಹೊಗೆಸೊಪ್ಪಿನ ಗಂಟಿನ ಪಕ್ಕದಲ್ಲೇ ಗೂಡು ಕಟ್ಟಿತ್ತು. ನಂಗೆ ಕೆಲಸ ಮಾಡಿರೋದು ಎರಡೇ, ರಾತ್ರಿ ಬಾನೆಟ್ ಎತ್ತಿಟ್ಟು ಮೇಲೊಂದು ಲೈಟ್ ಹಾಕಿಡೋದು, ಮತ್ತೆ ಶೆಡ್ಡಲ್ಲಿ ಬೋನು. ಕೊಬ್ಬರಿ ಸುಟ್ಟು ಬೋನಿಗೆ ಸಿಕ್ಕಿಸಿ ಆಗಿದೆ, ಈಗ ಹೋಗಿ ಇಟ್ಟು ಬರ್ತೀನಿ.